ಅಂಗಡಿ ಸಾಮಾನಿನ ಜಾಗ ಬದಲಿಸಿದೆ, ಅಪ್ಪನ ನೆನಪು ಕೈಕೊಟ್ಟಿತು. ಇದು ಕಾಯಿಲೆನಾ?

ನಲ್ಲಿ ಅಂಗಡಿ ಹುಡುಗ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ದುರ್ಗದಬೈಲ್ ಹತ್ತಿರ ನಮ್ಮದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಬಾಗಿಲು ಸಣ್ಣದು, ಒಳಗೆ ಹೋದಷ್ಟೂ ಉದ್ದ. ಪೈಪು, ನಲ್ಲಿ, ಫಿಟ್ಟಿಂಗ್, ನಟ್ಟು ಬೋಲ್ಟು, ಎಲ್ಲ ಇದೆ. ಅಪ್ಪನಿಗೆ ಈಗ 67. ನಲವತ್ತು ವರ್ಷದಿಂದ ಅಲ್ಲೇ ಇದ್ದಾರೆ. ಕುಂದಗೋಳದ ಕಡೆಯಿಂದಲೋ ಕಲಘಟಗಿ ಕಡೆಯಿಂದಲೋ ಯಾರಾದರೂ ಬಂದು ಮುರಿದ ತುಂಡೊಂದನ್ನು ತೋರಿಸಿದರೆ ಸಾಕು. ಅಪ್ಪ ಮಾತಾಡುತ್ತಲೇ ಹಿಂದೆ ಕೈ ಚಾಚುತ್ತಾರೆ, ತಿರುಗಿಯೂ ನೋಡಲ್ಲ. ಕೈಗೆ ಬಂದದ್ದು ಸರಿಯಾದ ಸಾಮಾನೇ ಆಗಿರುತ್ತದೆ.

ದೀಪಾವಳಿಗೆ ಬಣ್ಣ ಹಚ್ಚಿಸಲು ಅಂಗಡಿ ಖಾಲಿ ಮಾಡಿದೆವು. ಆಗ ನಾನು ಜಾಣತನ ತೋರಿಸಿದೆ. ಸಾಮಾನನ್ನೆಲ್ಲ ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಜೋಡಿಸಿದೆ. ಪ್ರತಿ ಡಬ್ಬಿಗೂ ನಂಬರ್, ಎಲ್ಲವೂ ಕಂಪ್ಯೂಟರಲ್ಲಿ. ಎಲ್ಬೋ ಪಕ್ಕ ಎಂಡ್ ಕ್ಯಾಪ್, ಟೀ ಪಕ್ಕ ತ್ರೆಡ್ ಟೇಪು, ವಾಷರ್ ಎಲ್ಲಕ್ಕಿಂತ ಹಿಂದೆ. ನೋಡಲು ಬಹಳ ಚಂದ ಇತ್ತು.

ಅವತ್ತಿನಿಂದ ಅಪ್ಪ ಕಂಗೆಟ್ಟಿದ್ದಾರೆ. ಒಂದು ಇಂಚಿನ ಎಂಟಿಎ (ಪೈಪಿನ ತುದಿಗೆ ಹಾಕುವ ಒಂದು ಫಿಟ್ಟಿಂಗ್) ಕೇಳಿದರೆ ಕೈ ಮೇಲೆ ಹೋಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಒಂದೊಂದು ಸಲ ಸಾಮಾನಿನ ಹೆಸರೇ ಬರುವುದಿಲ್ಲ. ಮೊನ್ನೆ ಗಿರಾಕಿ ಕಾದು ಕಾದು ಎದುರಿನ ಅಂಗಡಿಗೆ ಹೋದರು. ರಾತ್ರಿ ಬಾಗಿಲು ಹಾಕುವಾಗ ಅಪ್ಪ ಮೆಲ್ಲಗೆ ಕೇಳಿದರು: "ತಮ್ಮಾ, ನನಗ ಮರವು ಬಂತೇನೋ?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಡಬ್ಬಿ ಜಾಗ ಬದಲಾದರೆ ತಲೆಯೊಳಗಿನದೂ ಕದಲುತ್ತದಾ? ತಲೆಯೊಳಗೆ ಇದೆಲ್ಲ ಹೇಗೆ ಜೋಡಿಸಿಟ್ಟಿರುತ್ತದೆ? ತಿಳಿದವರು ಹೇಳಿ.

ಉಣಕಲ್ ವಾಕಿಂಗ್

ಗಾಬರಿ ಬೇಡ. ನಾವು ಮೆದುಳಿನ 10% ಮಾತ್ರ ಬಳಸೋದು ಅಂತ ವಿಜ್ಞಾನಿಗಳೇ ಹೇಳಿದ್ದಾರೆ. ಉಳಿದ 90% ಎಬ್ಬಿಸಿದರೆ ಆಯ್ತು. ಬೆಳಿಗ್ಗೆ ನೆನೆಸಿದ ಬಾದಾಮಿ ಐದು, ಒಂದೆಲಗದ ಚಟ್ನಿ. ನಮ್ಮ ಮಾವನವರಿಗೆ ಇದರಿಂದ ಬಹಳ ಗುಣ ಆಗಿದೆ.

ಸಾಧನಕೇರಿ ಅಕ್ಕ (ಧಾರವಾಡ)

ಚಟ್ನಿ ತಿನ್ನಲಿ, ರುಚಿಯಾಗಿರುತ್ತದೆ. ಆದರೆ ಆ 10% ಮಾತು ಶುದ್ಧ ಸುಳ್ಳು. ನಮ್ಮ ತೂಕದಲ್ಲಿ ಮೆದುಳಿನ ಪಾಲು 2% ಅಷ್ಟೇ, ಆದರೆ ದೇಹದ ಶಕ್ತಿಯಲ್ಲಿ ಸುಮಾರು 20% ತಾನೇ ತಿನ್ನುತ್ತದೆ. ಇಷ್ಟು ತಿನ್ನುವ ಆಳನ್ನು ಯಾರಾದರೂ ಸುಮ್ನೆ ಕೂರಿಸಿ ಸಾಕುತ್ತಾರಾ?

ತಮ್ಮಾ, ನಾನು ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸಿ ನಿವೃತ್ತಿ ಆದವಳು. ಡಾಕ್ಟರ್ ಅಲ್ಲ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಹೇಳು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರಾ? ಗೊತ್ತಿರುವ ಓಣಿಯಲ್ಲಿ ದಾರಿ ತಪ್ಪುತ್ತಾರಾ? ಚಿಲ್ಲರೆ ಕೊಡುವಾಗ ಲೆಕ್ಕ ತಪ್ಪುತ್ತದಾ? ಅಂಗಡಿ ಬಿಟ್ಟು ಬೇರೆ ಕಡೆಯೂ ಹೀಗೇ ತಡವರಿಸುತ್ತಾರಾ?

ನಲ್ಲಿ ಅಂಗಡಿ ಹುಡುಗ

ಇಲ್ಲ ಅಕ್ಕಾ, ನಾಲ್ಕೂ ಇಲ್ಲ. ಸೋಮವಾರ ಸಿದ್ಧಾರೂಢ ಮಠಕ್ಕೆ ಒಬ್ಬರೇ ಹೋಗಿ ಬರುತ್ತಾರೆ. ಯಾರ ಉದ್ರಿ ಎಷ್ಟು ಅಂತ ಪುಸ್ತಕ ತೆಗೆಯದೇ ಹೇಳುತ್ತಾರೆ. ಚಿಲ್ಲರೆ ಲೆಕ್ಕದಲ್ಲಿ ನಾನೇ ಅವರಿಗಿಂತ ನಿಧಾನ.

ಸಾಧನಕೇರಿ ಅಕ್ಕ

ಹಾಗಾದರೆ ಭಯ ಅರ್ಧ ಇಳಿಸಿಕೋ. ಆದರೂ ಒಮ್ಮೆ ತೋರಿಸಿಕೊಂಡು ಬಾ. ಬಿ12 ಕಡಿಮೆ ಇದ್ದರೂ ಥೈರಾಯ್ಡ್ ಏರುಪೇರಾದರೂ ಮರೆವು ಬರುತ್ತದೆ, ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ. ಧಾರವಾಡದ ಡಿಮ್ಹಾನ್ಸ್ ಇಂಥದ್ದಕ್ಕೇ ಇರುವ ಸಂಸ್ಥೆ, ದೂರವೂ ಅಲ್ಲ.

ಈಗ ನಿನ್ನ ಪ್ರಶ್ನೆ. ಕಿವಿಯ ಮೇಲ್ಭಾಗದ ಒಳಗೆ, ಎಡಕ್ಕೊಂದು ಬಲಕ್ಕೊಂದು, ಹಿಪೊಕ್ಯಾಂಪಸ್ ಅಂತ ಇದೆ. ಬಾಗಿದ ಕಿರುಬೆರಳಿನಷ್ಟು ಅಂದುಕೋ. 1971ರಲ್ಲಿ ಜಾನ್ ಒಕೀಫ್ ಅನ್ನುವವರು ಇಲಿಯ ಮೆದುಳಿನ ಈ ಭಾಗದಲ್ಲಿ ವಿಚಿತ್ರವಾದ ಜೀವಕೋಶಗಳನ್ನು ಕಂಡರು. ಇಲಿ ಕೋಣೆಯ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಒಂದು ಕೋಶ ಚುರುಕಾಗುತ್ತಿತ್ತು. ಇನ್ನೊಂದು ಜಾಗಕ್ಕೆ ಇನ್ನೊಂದು. ಅಂದರೆ ತಲೆಯೊಳಗೆ ಜಾಗದ ನಕ್ಷೆಯೇ ಇದೆ. ಮುಂದೆ ಮೋಸರ್ ದಂಪತಿ ಆ ನಕ್ಷೆಗೆ ಗೆರೆ ಹಾಕಿದ ಹಾಳೆಯಂತೆ ಕೆಲಸ ಮಾಡುವ ಕೋಶಗಳನ್ನೂ ಕಂಡರು. 2014ರಲ್ಲಿ ಮೂವರಿಗೂ ನೊಬೆಲ್ ಬಂತು. ತಮಾಷೆ ಏನೆಂದರೆ, ಕೋಣೆಯನ್ನು ಸಾಕಷ್ಟು ಬದಲಿಸಿದರೆ ಈ ಕೋಶಗಳು ಹಳೆ ನಕ್ಷೆ ಬಿಟ್ಟು ಹೊಸದು ಬರೆದುಕೊಳ್ಳುತ್ತವೆ.

ನಿಮ್ಮಪ್ಪ ಸಾಮಾನನ್ನು ಹೆಸರಿನಿಂದ ನೆನಪಿಟ್ಟಿರಲಿಲ್ಲ, ಜಾಗದಿಂದ ನೆನಪಿಟ್ಟಿದ್ದರು. ನೀನು ಜಾಗ ಕಿತ್ತುಕೊಂಡು ಹೆಸರು ಕೊಟ್ಟೆ.

ಕೋಡ್ ಗೋಕುಲ (ಗೋಕುಲ ರೋಡ್)

ಅಕ್ಕಾ, ಒಪ್ಪುವುದು ಕಷ್ಟ. ಮೆದುಳು ಅಂದರೂ ಮಾಹಿತಿ ಇಡುವ ಯಂತ್ರವೇ ಅಲ್ವಾ? ಎಲ್ಲೋ ಬರೆದಿಟ್ಟಿರುತ್ತದೆ, ಬೇಕಾದಾಗ ತೆಗೆಯುತ್ತದೆ. ಹತ್ತು ಸಾವಿರ ಕೋಟಿ ನರಕೋಶ ಇದೆಯಂತೆ. ಅಷ್ಟು ದೊಡ್ಡ ಗೋದಾಮಿಗೆ ಅಕ್ಷರ ಕ್ರಮವೇ ಒಳ್ಳೆಯದು. ಹೊಸಬರು ಬಂದರೂ ಸಾಮಾನು ಹುಡುಕಬಹುದು. ಅಪ್ಪನಿಗೆ ಎರಡು ತಿಂಗಳಲ್ಲಿ ಅಭ್ಯಾಸ ಆಗುತ್ತದೆ. ಅಣ್ಣಾ, ಹಳೇ ಪದ್ಧತಿಗೆ ಹೋಗಬೇಡ.

ಸಾಧನಕೇರಿ ಅಕ್ಕ

ಹೊಸಬರಿಗೆ ಅಕ್ಷರ ಕ್ರಮ ಒಳ್ಳೆಯದು ಅನ್ನೋದು ನಿಜ. ಆದರೆ ಪ್ರಶ್ನೆ ಹಳಬರದ್ದು.

ಲೆಕ್ಕ ಒಂದು ತಿದ್ದುತ್ತೇನೆ. ಹತ್ತು ಸಾವಿರ ಕೋಟಿ ಅನ್ನೋದು ಹಳೆ ಅಂದಾಜು. 2009ರಲ್ಲಿ ಬ್ರೆಜಿಲಿನ ಸುಝಾನಾ ಹರ್ಕುಲಾನೊ-ಹೂಝೆಲ್ ಅವರ ತಂಡ ಎಣಿಸಿದಾಗ ಸಿಕ್ಕಿದ್ದು ಸುಮಾರು 8,600 ಕೋಟಿ. ಅದರಲ್ಲಿ ಹೆಚ್ಚುಕಡಿಮೆ 6,900 ಕೋಟಿ ಹಿಂದೆ ಕೆಳಗಿರುವ ಕಿರುಮೆದುಳಿನಲ್ಲೇ ಇವೆ. ಮೇಲಿನ ಸುಕ್ಕುಸುಕ್ಕು ಪದರಕ್ಕೆ 1,600 ಕೋಟಿ.

ಇನ್ನು ಗೋದಾಮು. ಒಂದು ಪರೀಕ್ಷೆ ಕೊಡುತ್ತೇನೆ. ಚೈತ್ರ, ವೈಶಾಖದಿಂದ ಶುರುಮಾಡಿ ಹನ್ನೆರಡು ತಿಂಗಳು ಹೇಳು. ಆಮೇಲೆ ಅದೇ ಹನ್ನೆರಡನ್ನು ಅ ಆ ಇ ಈ ಕ್ರಮದಲ್ಲಿ ಹೇಳು. ಬರೆದುಕೊಳ್ಳಬಾರದು.

ಕೋಡ್ ಗೋಕುಲ

ಚೈತ್ರದಿಂದ ಸರ್ರನೆ ಬಂತು. ಅಕ್ಷರ ಕ್ರಮ: ಆಷಾಢ, ಆಶ್ವಯುಜ, ಕಾರ್ತಿಕ, ಚೈತ್ರ, ಜ್ಯೇಷ್ಠ... ಪುಷ್ಯ... ಭಾದ್ರಪದ... ಥೂ. ಪ್ರತಿ ಸಲ ಚೈತ್ರದಿಂದ ಓಡಿಕೊಂಡು ಬಂದು ನೋಡಬೇಕು.

ಚಿಗರಿ ಪ್ರಯಾಣಿಕ

ಫಾಲ್ಗುಣ ಮರೆತಿರಿ. ಆಶ್ವಯುಜ ಆಷಾಢಕ್ಕಿಂತ ಮೊದಲು ಬರಬೇಕು. ನಾನು ಬಸ್ಸಿನಲ್ಲಿ ಬೆರಳು ಎಣಿಸುತ್ತಾ ಕೂತು ನವನಗರದಲ್ಲಿ ಇಳಿಯುವುದೇ ಮರೆತೆ.

ಸಾಧನಕೇರಿ ಅಕ್ಕ

ಹನ್ನೆರಡೇ ಹೆಸರು, ಎಲ್ಲವೂ ಬಾಯಿಪಾಠ. ಗೋದಾಮಿನಲ್ಲಿ ಪಟ್ಟಿಯಾಗಿ ಇದ್ದಿದ್ದರೆ ಯಾವ ಕ್ರಮದಲ್ಲಾದರೂ ತೆಗೆಯಬಹುದಿತ್ತು. ಅವು ಒಂದರ ಬಾಲ ಒಂದು ಹಿಡಿದು ಕೂತಿವೆ. ಒಟ್ಟಿಗೆ ಕೆಲಸ ಮಾಡಿದ ಕೋಶಗಳ ನಡುವಿನ ಕೊಂಡಿ ಗಟ್ಟಿಯಾಗುತ್ತದೆ ಅಂತ ಡೊನಾಲ್ಡ್ ಹೆಬ್ 1949ರಲ್ಲೇ ಬರೆದರು. ನೆನಪು ಅಂದರೆ ಆ ಕೊಂಡಿಗಳೇ. ಒಂದನ್ನು ಎಳೆದರೆ ಅದಕ್ಕೆ ಅಂಟಿದ್ದು ಬರುತ್ತದೆ. ನಾವು "ಯೋಚನೆ" ಅನ್ನುವುದರಲ್ಲಿ ದೊಡ್ಡ ಪಾಲು ಹೀಗೆ ಎಳೆಯುವುದೇ.

ತಂಬೂರಿ ಗದಗ

ಅಕ್ಕ ಹೇಳಿದ್ದು ಸಂಗೀತದವರಿಗೆ ತಕ್ಷಣ ಅರ್ಥ ಆಗುತ್ತದೆ. ಬಂದಿಶಿನ (ಹಿಂದೂಸ್ತಾನಿ ಹಾಡಿನ) ಅಂತರಾದ, ಅಂದರೆ ಎರಡನೇ ಭಾಗದ, ಎರಡನೇ ಸಾಲು ಏನು ಅಂತ ಕೇಳಿ. ಯಾರೂ ನೇರವಾಗಿ ಹೇಳಲ್ಲ. ಮೊದಲ ಭಾಗವಾದ ಸ್ಥಾಯಿಯಿಂದ ಮನಸ್ಸಿನಲ್ಲೇ ಗುನುಗಿಕೊಂಡು ಬಂದು, ಆ ತಿರುವಿಗೆ ಬಂದಾಗ "ಹಾಂ" ಅನ್ನುತ್ತಾರೆ. ಗುರುಗಳು ನಡುವಿಂದ ಎತ್ತಿಕೋ ಅಂದರೆ ನನಗೆ ಇವತ್ತಿಗೂ ಬೆವರು.

ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಎಷ್ಟೊಂದು ಜನ ಸಂಗೀತ ಕಲಿತಿದ್ದಾರೆ. ಪುಟ್ಟರಾಜ ಗವಾಯಿಗಳಿಗೇ ಕಣ್ಣು ಇರಲಿಲ್ಲ. ಕಣ್ಣಿನಿಂದ ಏನೂ ಬರದಿದ್ದರೆ ಮೆದುಳಿನಲ್ಲಿ ನೋಡುವ ಭಾಗ ಖಾಲಿ ಬಿದ್ದಿರುತ್ತದಾ ಅಂತ ನಾನು ಚಿಕ್ಕವನಿದ್ದಾಗ ಯೋಚಿಸುತ್ತಿದ್ದೆ.

ಸಾಧನಕೇರಿ ಅಕ್ಕ

ಖಾಲಿ ಬಿಡಲ್ಲ! 1996ರಲ್ಲಿ ನೊರಿಹಿರೊ ಸಡಾಟೊ ಮತ್ತು ಜೊತೆಗಾರರು, ಚಿಕ್ಕಂದಿನಿಂದ ಕಣ್ಣು ಕಾಣದವರು ಬ್ರೈಲ್ ಓದುವಾಗ ಮೆದುಳಿನ ಚಿತ್ರ ತೆಗೆದರು. ಬೆರಳು ಓಡುತ್ತಿದ್ದರೆ, ತಲೆಯ ಹಿಂಭಾಗದ ನೋಡುವ ಪದರ ಕೆಲಸ ಮಾಡುತ್ತಿತ್ತು. ಅಂಗಡಿ ಖಾಲಿ ಬಿದ್ದರೆ ಪಕ್ಕದವನು ಸಾಮಾನು ಇಟ್ಟುಕೊಳ್ಳುತ್ತಾನಲ್ಲ, ಹಾಗೆ.

ಬ್ಯಾಡಗಿ ಘಾಟು (ಹಾವೇರಿ)

ನಾನು ಮೆಣಸಿನಕಾಯಿ ವ್ಯಾಪಾರದವನು. ನಮ್ಮಲ್ಲಿ ಹಳೆ ಖರೀದಿದಾರರು ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾರೆ. ಒಂದನ್ನು ಮುರಿಯುತ್ತಾರೆ, ಮೂಸುತ್ತಾರೆ. ತಳಿ ಕಡ್ಡಿನಾ ಡಬ್ಬಿನಾ, ಒಣಗಿದ್ದು ಸಾಕಾ, ಬಣ್ಣ ಎಷ್ಟು ದಿನ ನಿಲ್ಲುತ್ತದೆ, ಎಲ್ಲ ಒಂದೇ ಸಲಕ್ಕೆ. "ಹೆಂಗ ಗೊತ್ತಾತ್ರಿ" ಅಂತ ಕೇಳಿದರೆ "ಗೊತ್ತಾಗತೈತಿ" ಅನ್ನುತ್ತಾರೆ. ಅಷ್ಟೇ ಉತ್ತರ. ಮೊದಮೊದಲು ಗುಟ್ಟು ಬಿಡುತ್ತಿಲ್ಲ ಅಂತ ನನಗೆ ಸಿಟ್ಟು ಬರುತ್ತಿತ್ತು. ಹದಿನೈದು ವರ್ಷ ಆದ ಮೇಲೆ ಈಗ ನನ್ನ ಉತ್ತರವೂ ಅದೇ.

ಸಾಧನಕೇರಿ ಅಕ್ಕ

ಗುಟ್ಟು ಬಿಡುತ್ತಿಲ್ಲ ಅಂತಲ್ಲ, ಅದು ಮಾತಿನ ಕಪಾಟಿನಲ್ಲಿ ಇಲ್ಲವೇ ಇಲ್ಲ. ಇದಕ್ಕೆ ಒಬ್ಬರ ಕತೆ ಹೇಳಲೇಬೇಕು. ಅಮೆರಿಕದ ಹೆನ್ರಿ ಮೊಲೈಸನ್. ಮೂರ್ಛೆ ರೋಗ ವಿಪರೀತ. 1953ರಲ್ಲಿ ಡಾಕ್ಟರ್ ವಿಲಿಯಂ ಸ್ಕೋವಿಲ್, ಮೊಲೈಸನ್ ಅವರ ಎರಡೂ ಕಡೆಯ ಹಿಪೊಕ್ಯಾಂಪಸ್ಸಿನ ದೊಡ್ಡ ಭಾಗ ತೆಗೆದುಬಿಟ್ಟರು. ಮೂರ್ಛೆ ಕಡಿಮೆ ಆಯಿತು. ಆದರೆ ಅವತ್ತಿನಿಂದ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಈಗ ತಾನೇ ಮಾತಾಡಿಸಿ ಹೋದವರು ತಿರುಗಿ ಬಂದರೆ ಹೊಸಬರಂತೆ ಪರಿಚಯ ಮಾಡಿಕೊಳ್ಳುತ್ತಿದ್ದರು. ಮಾತು, ಬುದ್ಧಿ, ಬಾಲ್ಯದ ನೆನಪು ಇದ್ದವು.

ಬ್ರೆಂಡಾ ಮಿಲ್ನರ್ ಅನ್ನುವ ಮನೋವಿಜ್ಞಾನಿ ಮೊಲೈಸನ್ ಅವರಿಗೆ ಒಂದು ಕೆಲಸ ಕೊಟ್ಟರು. ಕೈಯನ್ನು ನೇರ ನೋಡಬಾರದು. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮಾಡಿ ನೋಡಿ, ಕೈ ಉಲ್ಟಾ ಓಡುತ್ತದೆ. ಮೊಲೈಸನ್ ಮೂರು ದಿನ ಮಾಡಿದರು, ದಿನದಿನಕ್ಕೆ ಕೈ ಪಳಗಿತು. ಆದರೆ ಪ್ರತಿ ಸಲ ಅವರಿಗೆ ಅದು ಹೊಸ ಕೆಲಸವೇ! ಕೈ ಕಲಿತಿದೆ, ಕಲಿತದ್ದು ಅವರಿಗೆ ಗೊತ್ತಿಲ್ಲ. ಕೈಯ ಕಲಿಕೆಗೆ ಬೇರೆ ದಾರಿ ಇದೆ, ಘಟನೆಯ ನೆನಪಿಗೆ ಬೇರೆ ದಾರಿ ಇದೆ ಅಂತ ಆಗ ಸ್ಪಷ್ಟವಾಯಿತು. 2008ರಲ್ಲಿ ತೀರಿಕೊಂಡರು ಪಾಪ. ನಮ್ಮ ವಿಷಯದಲ್ಲಿ ಅವರಷ್ಟು ಕಲಿಸಿದ ರೋಗಿ ಇನ್ನೊಬ್ಬರಿಲ್ಲ ಅಂತ ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಎರಡೂ ದಾರಿ ಒಟ್ಟಿಗೆ ಕೆಲಸ ಮಾಡುತ್ತಿದ್ದವು, ಅಪ್ಪನ ಜಾಗದ ನಕ್ಷೆ ಮತ್ತು ಕೈಯ ರೂಢಿ. ಹುಡುಗ ಎರಡಕ್ಕೂ ಒಂದೇ ಏಟು ಕೊಟ್ಟ.

ಕೋಡ್ ಗೋಕುಲ

ಸರಿ, ಸೋತೆ. ಆದರೆ ಒಂದು ಅನುಮಾನ. ನೆನಪಿನ ಶಕ್ತಿ ಚೆನ್ನಾಗಿದ್ದವರು ಹೊಸ ಜೋಡಣೆಯನ್ನೂ ಬೇಗ ಕಲಿಯಬೇಕಲ್ವಾ?

ಸಾಧನಕೇರಿ ಅಕ್ಕ

ಅಲ್ಲೇ ಇರೋದು ಸ್ವಾರಸ್ಯ. 1973ರಲ್ಲಿ ವಿಲಿಯಂ ಚೇಸ್, ಹರ್ಬರ್ಟ್ ಸೈಮನ್ ಚದುರಂಗದವರ ಮೇಲೆ ಪ್ರಯೋಗ ಮಾಡಿದರು. ನಿಜವಾದ ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರು. ಪಳಗಿದ ಆಟಗಾರರು ಬಹಳಷ್ಟು ಕಾಯಿಗಳನ್ನು ಹಾಗೇ ಮರುಜೋಡಿಸಿದರು, ಹೊಸಬರು ನಾಲ್ಕಾರು ಕಾಯಿಗೇ ಸುಸ್ತು. ಆಮೇಲೆ ಕಾಯಿಗಳನ್ನು ಅರ್ಥವಿಲ್ಲದೆ ಚೆಲ್ಲಾಪಿಲ್ಲಿ ಇಟ್ಟು ತೋರಿಸಿದರು. ಈಗ ಹೊಸಬರಿಗೂ ಅವರಿಗೂ ದೊಡ್ಡ ವ್ಯತ್ಯಾಸ ಉಳಿಯಲಿಲ್ಲ. ಅವರದು ದೊಡ್ಡ ನೆನಪಲ್ಲ, ಆಟ ಬಲ್ಲ ನೆನಪು. ಕಾಯಿ ಕಾಯಿಯಾಗಿ ನೋಡದೆ ಗುಂಪು ಗುಂಪಾಗಿ ನೋಡುತ್ತಾರೆ.

ಒಮ್ಮೆಗೆ ಮನಸ್ಸಿನಲ್ಲಿ ಏಳು ಸಂಗತಿ ಹಿಡಿಯಬಹುದು, ಎರಡು ಹೆಚ್ಚು ಎರಡು ಕಡಿಮೆ ಅಂತ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ನಾಲ್ಕೇ ಅಂದರು. ನಾಲ್ಕೋ ಏಳೋ, ಜಾಸ್ತಿ ಇಲ್ಲ. ಆದರೆ ಒಂದೊಂದು ಸಂಗತಿಯೊಳಗೆ ಎಷ್ಟು ತುಂಬಿದೆ ಅನ್ನುವುದಕ್ಕೆ ಮಿತಿ ಇಲ್ಲ. ತಮ್ಮಾ, ನಿಮ್ಮಪ್ಪ ಹದಿನೈದು ಸಾಮಾನಿನ ಪಟ್ಟಿ ಬರೆದುಕೊಳ್ಳದೆ ಕೊಡುತ್ತಾರಾ?

ನಲ್ಲಿ ಅಂಗಡಿ ಹುಡುಗ

ಕೊಡುತ್ತಾರೆ! ಇದನ್ನು ಓದಿದ ಮೇಲೆ ಭಾನುವಾರ ಒಂದು ಕೆಲಸ ಮಾಡಿದೆ, ಕೇಳಿ.

ಮಧ್ಯಾಹ್ನ ಊಟ ಆದ ಮೇಲೆ ಅಪ್ಪನನ್ನು ಪಡಸಾಲೆಯಲ್ಲಿ ಕೂರಿಸಿ ಕೇಳಿದೆ, "ಹಳೇ ಅಂಗಡೀಗೆ ಹೋಗ್ರಿ, ಬಾಗಲದಿಂದ ಒಂದೊಂದ ಹೇಳ್ರಿ." ಕಣ್ಣು ಮುಚ್ಚಿಕೊಂಡರು. ಹಳೆ ಕ್ಯಾಲೆಂಡರಿನ ಹಾಳೆ ಹರಿದು ನಾನು ಬರೆಯುತ್ತಾ ಹೋದೆ. ಎಡಗೈ ಗಾಳಿಯಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಒಂದು ಹೆಸರೂ ತಡವರಿಸಲಿಲ್ಲ. ಐದು ಹಾಳೆ ತುಂಬಿತು.

ಆಮೇಲೆ ಹಾಳೆ ನೋಡಿದರೆ ನನಗೆ ಗಾಬರಿ. ನಾನು ಇಷ್ಟು ವರ್ಷ ಗಲೀಜು ಅಂದುಕೊಂಡಿದ್ದು ಗಲೀಜೇ ಅಲ್ಲ. ಫುಟ್ ವಾಲ್ವ್ ಪಕ್ಕ ಕ್ಲಾಂಪ್, ಅದರ ಪಕ್ಕ ರಬ್ಬರ್ ವಾಷರ್, ನಟ್ಟು ಬೋಲ್ಟು, ಕೊನೆಗೆ ಹ್ಯಾಕ್ಸಾ ಬ್ಲೇಡು. ಅದು ಬಾವಿ ಮೋಟಾರಿನ ಸಾಲು. ಬ್ಲೇಡ್ ಯಾಕೆ ಅಲ್ಲಿ ಅಂದೆ. "ಪೈಪ್ ಕೊಯ್ಯಾಕ ಬೇಕಲ್ಲೋ. ಊರಿಗೆ ಹೋದಮ್ಯಾಲೆ ನೆನಪಾಕ್ಕೈತಿ ಅವರಿಗೆ." ಆಚೆ ಬಚ್ಚಲು ಕೆಲಸದ ಸಾಲು, ಅದರಾಚೆ ಮನೆ ಕಟ್ಟುವವರದ್ದು. ಬಚ್ಚಲು ಕೆಲಸ ಅಂದರೆ ಅವರಿಗೆ ಒಂದೇ ಸಂಗತಿ, ಒಳಗೆ ಹದಿನೈದು ಸಾಮಾನು.

ಇನ್ನೊಂದು ಕೇಳಿ. ಮುಕ್ಕಾಲು ಇಂಚಿನ ಎಲ್ಬೋ, ಒಂದು ಇಂಚಿನ ಎಲ್ಬೋ ಎರಡನ್ನೂ ಬೇರೆ ಬೇರೆ ಗೋಡೆಗೆ ಇಟ್ಟಿದ್ದರಂತೆ, ಬೇಕು ಅಂತಲೇ. ನೋಡಲು ಒಂದೇ ತರಹ, ಪಕ್ಕಪಕ್ಕ ಇದ್ದರೆ ಕೈ ತಪ್ಪುತ್ತದೆ. ನಾನು ಅವೆರಡನ್ನೂ ತಂದು ಒಂದೇ ಕಡೆ ಇಟ್ಟು ಶಭಾಷ್ ಅಂದುಕೊಂಡಿದ್ದೆ.

ಒಂದು ಮಾತ್ರ ತಪ್ಪಿದರು. ಯೂನಿಯನ್ (ಎರಡು ಪೈಪು ಕೂಡಿಸುವ ಫಿಟ್ಟಿಂಗ್) ಡಬ್ಬಿ ಬಾಗಿಲ ಬಲಕ್ಕಿತ್ತು ಅಂತ ಹಟ ಹಿಡಿದರು. ಬಣ್ಣ ಹಚ್ಚಿಸುವ ಮೊದಲು ತೆಗೆದ ಫೋಟೋದಲ್ಲಿ ಎಡಕ್ಕಿದೆ. ತೋರಿಸಿದರೂ ಒಪ್ಪುತ್ತಿಲ್ಲ, ಫೋಟೋನೇ ತಪ್ಪು ಅನ್ನುತ್ತಾರೆ.

ಚಿಗರಿ ಪ್ರಯಾಣಿಕ

ಫೋಟೋ ತಪ್ಪು! ನಮ್ಮಪ್ಪನೂ ಹೀಗೇ.

ಸಾಧನಕೇರಿ ಅಕ್ಕ

ಅದಕ್ಕೂ ಹೆದರಬೇಡ. ನೆನಪು ಫೋಟೋ ಅಲ್ಲ. ಕರೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಸಂದಿನಲ್ಲಿ ಊಹೆಯನ್ನೂ ಮೆತ್ತುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್, ಜಾನ್ ಪಾಮರ್ ಕೆಲವರಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕೆಲವರಿಗೆ "ಕಾರು ತಾಗಿದಾಗ ವೇಗ ಎಷ್ಟಿತ್ತು" ಅಂತ ಕೇಳಿದರು, ಇನ್ನು ಕೆಲವರಿಗೆ "ಅಪ್ಪಳಿಸಿದಾಗ" ಅಂತ. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ವೇಗ ಜಾಸ್ತಿ ಹೇಳಿದರು. ವಾರ ಬಿಟ್ಟು ಕೇಳಿದರೆ ಅವರಲ್ಲೇ ಹೆಚ್ಚು ಜನ ಒಡೆದ ಗಾಜು ನೋಡಿದ್ದೆವು ಅಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ನಿಮ್ಮಪ್ಪನ ಯೂನಿಯನ್ ಯಾವತ್ತೋ ಬಲಕ್ಕೆ ಇದ್ದಿರಲೂಬಹುದು.

ಚಿಗರಿ ಪ್ರಯಾಣಿಕ

ಅಕ್ಕಾ, ಲಂಡನ್ನಿನ ಟ್ಯಾಕ್ಸಿಯವರ ಮೆದುಳು ದೊಡ್ಡದಾಗಿರುತ್ತದೆ ಅಂತ ಕೇಳಿದ್ದೆ. ಹೌದಾ?

ಸಾಧನಕೇರಿ ಅಕ್ಕ

ಇಡೀ ಮೆದುಳಲ್ಲ, ಹಿಪೊಕ್ಯಾಂಪಸ್ಸಿನ ಹಿಂಭಾಗ. 2000ದಲ್ಲಿ ಎಲೀನರ್ ಮಗ್ವಾಯರ್ ತಂಡ ತೋರಿಸಿದ್ದು. ಆಮೇಲೆ ಅಲ್ಲಿನ ಬಸ್ ಚಾಲಕರ ಜೊತೆ ಹೋಲಿಸಿದಾಗಲೂ ಟ್ಯಾಕ್ಸಿಯವರದ್ದೇ ಮುಂದೆ. ಬಸ್ಸಿನವರದು ದಿನಾ ಅದೇ ದಾರಿ. ನಮ್ಮ ಕಡೆ ಲೆಕ್ಕದಲ್ಲಿ, ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ನುಗ್ಗುವ ಆಟೋದವರಿಗೂ ಒಂದೇ ದಾರಿಯ ಚಿಗರಿ ಬಸ್ ಓಡಿಸುವವರಿಗೂ ಇರುವ ವ್ಯತ್ಯಾಸ ಅಂದುಕೋ.

ಉಣಕಲ್ ವಾಕಿಂಗ್

10% ವಿಷಯ ವಾಪಸ್ ತಗೊಂಡೆ. ಚಟ್ನಿ ವಾಪಸ್ ತಗೊಳ್ಳಲ್ಲ.

ಕೋಡ್ ಗೋಕುಲ

ಅಣ್ಣಾ, ಸಾಫ್ಟ್‌ವೇರ್ ಬಿಡಬೇಡ. ಪ್ರತಿ ಸಾಮಾನಿಗೆ "ಯಾವ ಕೆಲಸಕ್ಕೆ" ಅಂತ ಒಂದು ಕಾಲಂ ಸೇರಿಸು. ಬಾವಿ ಮೋಟಾರು ಅಂತ ಹೊಡೆದರೆ ಬ್ಲೇಡ್ ಸಮೇತ ಪಟ್ಟಿ ಬರಲಿ. ಆ ಐದು ಹಾಳೆ ಹುಷಾರು, ಅಂಥದ್ದು ಇನ್ನೊಂದು ಸಿಗಲ್ಲ.

ನಲ್ಲಿ ಅಂಗಡಿ ಹುಡುಗ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ರಕ್ತ ಪರೀಕ್ಷೆ ಆಯಿತು. ಬಿ12 ಸ್ವಲ್ಪ ಕಡಿಮೆ ಇದೆ, ಗುಳಿಗೆ ಕೊಟ್ಟಿದ್ದಾರೆ. ಬೇರೇನೂ ಇಲ್ಲ ಅಂದರು.

ಎರಡು ರಾತ್ರಿ ಕೂತು ಅಂಗಡಿಯನ್ನು ಹಾಳೆಯಲ್ಲಿದ್ದಂತೆ ಜೋಡಿಸಿದೆವು. ನಂಬರ್ ಚೀಟಿ ಡಬ್ಬಿ ಮೇಲೆ ಹಾಗೇ ಇದೆ, ಅದು ನನಗೆ. ಯೂನಿಯನ್ ಬಲಕ್ಕೆ ಇಟ್ಟೆ. ಜಗಳ ಯಾಕೆ.

ಇವತ್ತು ನವಲಗುಂದ ಕಡೆಯವರೊಬ್ಬರು ಫುಟ್ ವಾಲ್ವ್ ಕೇಳಿದರು. ಅಪ್ಪ ಅವರ ಜೊತೆ ಕಡಲೆ ಬೆಳೆ ವಿಷಯ ಮಾತಾಡುತ್ತಲೇ ಕೈ ಹಿಂದೆ ಹಾಕಿ ಎಲ್ಲ ತೆಗೆದಿಟ್ಟರು, ಬ್ಲೇಡೂ ಸೇರಿ. "ಬ್ಲೇಡ್ ಬ್ಯಾಡ್ರಿ, ಮನ್ಯಾಗ ಐತಿ" ಅಂದು ಹೋದರು. ಹತ್ತೇ ನಿಮಿಷ. ಬಸ್ ನಿಲ್ದಾಣದ ದಾರಿಯಿಂದ ತಿರುಗಿ ಬಂದರು.

ಬ್ಯಾಡಗಿ ಘಾಟು

ಎರಡು ಇಂಚಿನ ಬಾಲ್ ವಾಲ್ವ್ ಸಿಗುತ್ತಾ ತಮ್ಮಾ? ಗುರುವಾರ ಹುಬ್ಬಳ್ಳಿಗೆ ಬರುವವನಿದ್ದೇನೆ.

ನಲ್ಲಿ ಅಂಗಡಿ ಹುಡುಗ

ಸಿಗುತ್ತದೆ ಅಣ್ಣಾ. ಅಪ್ಪ ಇರುವಾಗ ಬನ್ನಿ. ನಾನಾದರೆ ಕಂಪ್ಯೂಟರ್ ಆನ್ ಮಾಡಬೇಕು.